ಕಾರ್ತಿಕದ ಸಂಜೆ ಮತ್ತು ನಡಿಗೆಯ ನೇಮ

ಆಶ್ವಯುಜ ಕಳೆದು ಕಾರ್ತಿಕ ಕಾಲಿಟ್ಟಿತೆಂದರೆ ಬೆಂಗಳೂರಿನ ಬೀದಿಗಳಲ್ಲಿ ಸಂಜೆ ತಿರುಗಾಡುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ. ಯಾರೂ ಡಂಗುರ ಹೊಡೆಸಿದ್ದೂ ಅಲ್ಲ. ಜೂನ್ ಜುಲೈ ತಿಂಗಳಲ್ಲಿ ದಿನವೂ ಎದುರಾಗಿ ಮುಗುಳ್ನಕ್ಕು ಮುಂದೆ ಸಾಗುತ್ತಿದ್ದ ಮುಖಗಳು ದೀಪಾವಳಿಯ ವೇಳೆಗೆ ಒಂದೊಂದಾಗಿ ಮರೆಯಾಗುತ್ತವೆ. ಕೆಲವು ಮತ್ತೆ ಕಾಣಿಸಿಕೊಳ್ಳುವುದು ಸಂಕ್ರಾಂತಿ ಕಳೆದ ಮೇಲೆ, ಕೆಲವು ಯುಗಾದಿಗೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಏನು ಮಾಡೋದು ಸ್ವಾಮಿ, ಬೇಗ ಕತ್ತಲಾಗಿಬಿಡತ್ತೆ.”

ಉತ್ತರ ಸುಳ್ಳಲ್ಲ. ಆದರೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಪಂಚಾಂಗ ತೆರೆದು ನೋಡಬಹುದು. ಜುಲೈ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಸಂಜೆ ೬-೫೦ರ ಸುಮಾರಿಗೆ ಮುಳುಗುವ ಸೂರ್ಯ ನವೆಂಬರ್ ನಡುವೆ ೫-೫೦ರ ಸುಮಾರಿಗೆ ಮುಳುಗುತ್ತಾನೆ. ಅಂತರ ಒಂದು ಗಂಟೆ, ಅಷ್ಟೆ. ನಮ್ಮದು ಸಮಭಾಜಕಕ್ಕೆ ಸಮೀಪದ ನಾಡಾದ್ದರಿಂದ ಸೂರ್ಯ ಓರೆಯಾಗಿ ಜಾರದೆ ಹೆಚ್ಚು ಕಡಮೆ ನೆಟ್ಟಗೆ ಇಳಿಯುತ್ತಾನೆ; ಹೀಗಾಗಿ ಸಂಧ್ಯೆಯ ಬೆಳಕು ೨೦–೨೫ ನಿಮಿಷಕ್ಕಿಂತ ಹೆಚ್ಚು ನಿಲ್ಲದು. ಆರೂ ಕಾಲಿಗೆ ಕತ್ತಲೆ. ಅದರ ಮೇಲೆ ಹಿಂಗಾರಿನ ಮೋಡ ಬೇರೆ. ಮಧ್ಯಾಹ್ನವೆಲ್ಲ ಬಿಸಿಲು ಕಾಯ್ದು, ನಾವು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಗುಡುಗುವುದು ಅಕ್ಟೋಬರದ ಮಳೆಗೆ ಅಭ್ಯಾಸ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಗಂಟೆಯಷ್ಟು ಬೆಳಕು ಕಡಮೆಯಾದರೆ ಎಂಟು ತಿಂಗಳ ರೂಢಿ ಹೇಗೆ ಕಳಚಿ ಬೀಳುತ್ತದೆ? ಬಿದ್ದರೆ ತಾನೆ ಏನು ನಷ್ಟ? ಇದು ಆರೋಗ್ಯದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿದೆ ಎಂದು ನನ್ನ ಭಾವನೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡುವ ಇಚ್ಛೆ.

ನಾನು ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ಅಂದಿನಿಂದ ಸಂಜೆ ಆರು ಗಂಟೆಗೆ ಮನೆ ಬಿಟ್ಟು, ಗಾಂಧಿ ಬಜಾರು ಹಾದು, ಬ್ಯೂಗಲ್ ರಾಕ್ ಬಳಸಿ, ದೊಡ್ಡ ಬಸವಣ್ಣನ ಗುಡಿಯ ಮುಂದಿನಿಂದ ಹಿಂದಿರುಗುವುದು ನನ್ನ ಕ್ರಮ. ನಮ್ಮ ಹಿರಿಯರು ಇದಕ್ಕೆ ವಾಯುವಿಹಾರ ಎಂಬ ಗಂಭೀರವಾದ ಹೆಸರಿಟ್ಟಿದ್ದರು. ಈಗಿನ ವಾಹನಗಳ ನಡುವೆ ವಾಯುವೂ ಅಷ್ಟಕ್ಕಷ್ಟೆ, ವಿಹಾರವೂ ಅಷ್ಟಕ್ಕಷ್ಟೆ. ಆದರೂ ಹೆಸರು ಉಳಿದುಕೊಂಡಿದೆ. ಹೊರಡುವಾಗ ನನಗೆ ನಾನೇ ಒಂದು ಮಾತು ಕೊಟ್ಟುಕೊಂಡೆ: ದಿನವೂ ಹೋಗತಕ್ಕದ್ದು, ಋತು ನೋಡತಕ್ಕದ್ದಲ್ಲ.

ವೈದ್ಯರು ಹೇಳಿದರೆಂದು ನಡೆಯುತ್ತೇನೆ ಎಂದರೆ ಅರ್ಧ ಸತ್ಯ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಸಲಹೆ ಕೊಟ್ಟಿತು. ಆ ಲೆಕ್ಕವನ್ನು ಬೆಳಗಿನ ಬೆಳಕಿನಲ್ಲೂ ತೀರಿಸಬಹುದು. ಮಹಡಿಯ ಮೇಲೆ ಹಿಂದೆ ಮುಂದೆ ಸುತ್ತಿಯೂ ತೀರಿಸಬಹುದು. ಕಾರ್ತಿಕದ ಕತ್ತಲೆಯಲ್ಲಿ ಆರು ಗಂಟೆಗೇ ಹೊರಡಬೇಕೆಂದು ವೈದ್ಯಶಾಸ್ತ್ರ ಎಲ್ಲಿಯೂ ಹೇಳಿಲ್ಲ. ಹಾಗಾದರೆ ನನ್ನನ್ನು ಹೊರಡಿಸುವುದು ಯಾವುದು? ಕೊಟ್ಟ ಮಾತು. ಕೊಟ್ಟದ್ದು ಯಾರಿಗೆ? ನನಗೆ. ತಪ್ಪಿದರೆ ದಾವೆ ಹೂಡುವವರು ಯಾರು? ಯಾರೂ ಇಲ್ಲ!

ಇಲ್ಲೇ ತೊಡಕು. ಇಂಗ್ಲೆಂಡಿನ ಥಾಮಸ್ ಹಾಬ್ಸ್ ೧೬೫೧ರಲ್ಲಿ ಪ್ರಕಟಿಸಿದ ‘ಲೆವಯಥನ್’ ಗ್ರಂಥದಲ್ಲಿ, ರಾಜನು ತಾನು ಮಾಡಿದ ಶಾಸನಕ್ಕೆ ತಾನೇ ಬದ್ಧನೆ ಎಂಬ ಪ್ರಶ್ನೆ ಬರುತ್ತದೆ. ಅಲ್ಲ ಎನ್ನುತ್ತಾನೆ ಹಾಬ್ಸ್. ಕಟ್ಟುವವನಿಗೆ ಬಿಚ್ಚುವ ಅಧಿಕಾರವೂ ಉಂಟು. ಆದ್ದರಿಂದ ತನಗೆ ತಾನೇ ಕಟ್ಟುಬಿದ್ದವನು ಕಟ್ಟುಬಿದ್ದವನೇ ಅಲ್ಲ ಎಂಬುದು ಅವನ ವಾದದ ತಿರುಳು. ಸಾಲದ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ನಾನು ನಿಮ್ಮಿಂದ ನೂರು ರೂಪಾಯಿ ಸಾಲ ಪಡೆದರೆ ಅದನ್ನು ಮನ್ನಾ ಮಾಡುವ ಹಕ್ಕು ನಿಮ್ಮದು, ನನ್ನದಲ್ಲ. ಆದರೆ ಎಡ ಜೇಬಿನಿಂದ ಬಲ ಜೇಬಿಗೆ ಸಾಲ ಕೊಟ್ಟರೆ? ಯಾವ ಗಳಿಗೆಯಲ್ಲಾದರೂ ಮನ್ನಾ ಮಾಡಿಕೊಳ್ಳಬಹುದು. ನವೆಂಬರಿನ ಒಂದು ಸಂಜೆ ಮಂಚದ ಮೇಲೆ ಬೆಚ್ಚಗೆ ಕುಳಿತು “ಇವತ್ತು ಬೇಡ” ಎಂದುಕೊಂಡಾಗ ನಡೆಯುವುದು ಇದೇ. ಸಾಲಗಾರನೂ ನಾನೇ, ಸಾಹುಕಾರನೂ ನಾನೇ. ಇಬ್ಬರೂ ಸೇರಿ ಪತ್ರ ಹರಿದು ಹಾಕಿದೆವು. ಇದರಲ್ಲಿ ಯಾರಿಗೆ ಅನ್ಯಾಯವಾಯಿತು?

ನಡಿಗೆಯ ನೇಮವೆಂದ ಕೂಡಲೇ ನೆನಪಾಗುವವನು ಇಮಾನ್ಯುಯೆಲ್ ಕಾಂಟ್. ೧೭೨೪ರಲ್ಲಿ ಹುಟ್ಟಿ ೧೮೦೪ರಲ್ಲಿ ತೀರಿಕೊಂಡ ಈ ತತ್ತ್ವಜ್ಞಾನಿ ಬಾಳಿದ್ದು ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಈಗ ಅದು ರಷ್ಯಕ್ಕೆ ಸೇರಿದ ಕಲಿನಿನ್‌ಗ್ರಾಡ್. ಅವನು ನಡೆಯಲು ಹೊರಟರೆ ನೆರೆಯವರಿಗೆ ಗಂಟೆ ಮೂರೂವರೆ ಎಂದು ಖಚಿತವಾಗುತ್ತಿತ್ತಂತೆ. ಮೋಡ ಕವಿದ ದಿನ ಮುದಿ ಸೇವಕ ಲಾಂಪೆ ದೊಡ್ಡ ಕೊಡೆ ಹಿಡಿದು ಆತಂಕದಿಂದ ಹಿಂಬಾಲಿಸುತ್ತಿದ್ದನಂತೆ. ಹೀಗೆಂದು ಚಿತ್ರಿಸಿದವನು ಕವಿ ಹೈನೆ. ಕವಿಯ ಮಾತಾದ್ದರಿಂದ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಆದರೆ ಒಂದು ಅಂಶವನ್ನು ನಾವು ಗಮನಿಸುವುದಿಲ್ಲ. ಆ ಊರು ಉತ್ತರ ಅಕ್ಷಾಂಶ ಸುಮಾರು ೫೫ ಡಿಗ್ರಿಯಲ್ಲಿದೆ. ಅಲ್ಲಿ ಡಿಸೆಂಬರದ ಕೊನೆಯಲ್ಲಿ ಹಗಲು ಏಳು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಸೂರ್ಯನ ಗಡಿಯಾರದ ಪ್ರಕಾರ ಮೂರೂವರೆ ದಾಟುವಷ್ಟರಲ್ಲಿ ಅಸ್ತಮಾನ. ಎಂದರೆ ಚಳಿಗಾಲದಲ್ಲಿ ಆ ಮುದುಕ ಹೊಸಿಲು ದಾಟುವಾಗ ಬೆಳಕು ಮುಗಿಯುತ್ತಿತ್ತು; ಅವನ ನಡಿಗೆ ಕತ್ತಲೆಯ ನಡಿಗೆಯೇ. ನಾವು ಒಂದು ಗಂಟೆಯ ಕತ್ತಲೆಗೆ ಹೆದರಿ ಒಳಗೆ ಕೂರುವವರು!

ಆದರೆ ಕಾಂಟನ ನಡಿಗೆ ದೊಡ್ಡದೆಂದು ಒಪ್ಪುವ ಮುನ್ನ ನಗುವುದಕ್ಕೂ ಅವಕಾಶ ಕೊಡಬೇಕು. ಗಡಿಯಾರವೂ ನೇಮ ತಪ್ಪುವುದಿಲ್ಲ. ಅದನ್ನು ಯಾರೂ ಧರ್ಮಾತ್ಮ ಎನ್ನುವುದಿಲ್ಲ. ಗಾಣದೆತ್ತು ದಿನವೂ ಸುತ್ತುತ್ತದೆ. ತಪ್ಪದೆ ಮಾಡುವುದೊಂದೇ ಗುಣವಾಗಿದ್ದರೆ ಸಂಜೆ ಐದಕ್ಕೆ ತಪ್ಪದೆ ಇಸ್ಪೀಟು ಹಿಡಿಯುವವನೂ ಸಾಧಕನೇ. ಪತಂಜಲಿಯ ಯೋಗಸೂತ್ರದಲ್ಲಿ ಅಭ್ಯಾಸ ನೆಲೆಗೊಳ್ಳುವುದಕ್ಕೆ ಮೂರು ಷರತ್ತು ಹೇಳಿದೆ: ಬಹುಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಮೊದಲ ಎರಡನ್ನು ಗಾಣದೆತ್ತೂ ಪಾಲಿಸುತ್ತದೆ. ಮನುಷ್ಯನಿಗೆ ಮೀಸಲಾದದ್ದು ಮೂರನೆಯದು. ಮಾಡುವ ಕೆಲಸವನ್ನು ಗೌರವದಿಂದ, ಎಚ್ಚರದಿಂದ ಮಾಡುವುದು, ಅದೂ ತನ್ನ ಇಷ್ಟಾನಿಷ್ಟಗಳ ಗಾಳಿ ದಿನಕ್ಕೊಂದು ದಿಕ್ಕಿಗೆ ಬೀಸುತ್ತಿರುವಾಗ.

ನಮ್ಮ ಕಾಲದಲ್ಲಿ ಈ ಆದರದ ಜಾಗಕ್ಕೆ ಒಂದು ಯಂತ್ರ ಬಂದು ಕುಳಿತಿದೆ. ಜೇಬಿನ ಮೊಬೈಲು ಹೆಜ್ಜೆ ಎಣಿಸುತ್ತದೆ. ಹತ್ತು ಸಾವಿರವಾದರೆ ಶಹಭಾಸ್ ಎನ್ನುತ್ತದೆ. ಈ ಹತ್ತು ಸಾವಿರವೆಂಬ ಸಂಖ್ಯೆ ಯಾವುದೋ ಮಹಾವೈದ್ಯನ ಅಪ್ಪಣೆ ಎಂದು ಹಲವರ ನಂಬಿಕೆ. ಅದು ಹರಡಿದ್ದು ಜಪಾನಿನಲ್ಲಿ ೧೯೬೫ರಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಉಪಕರಣದ ಹೆಸರಿನಿಂದ. ‘ಮಾನ್‌ಪೋಕೈ’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಗಡಿಯ ಹೆಸರು ನಮಗೆ ಶಾಸ್ತ್ರವಾಗಿ ಕುಳಿತಿತು. ನನ್ನ ಪರಿಚಿತರೊಬ್ಬರು ಮಳೆಯ ಸಂಜೆಗಳಲ್ಲಿ ಟೆಲಿವಿಷನ್ ಮುಂದೆ ಕುಳಿತು ಮೊಬೈಲು ಹಿಡಿದ ಕೈಯನ್ನು ಅಲ್ಲಾಡಿಸುತ್ತಾರೆ. ಲೆಕ್ಕ ತುಂಬುತ್ತದೆ. ಮೊಬೈಲಿನ ವಾಯುವಿಹಾರವಾಯಿತು, ಯಜಮಾನರದು ಆಗಲಿಲ್ಲ. ಅವರನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ತನಗೆ ತಾನು ಕೊಟ್ಟ ಮಾತಿಗೆ ಸಾಕ್ಷಿ ಬೇಕೆಂಬ ಹಂಬಲ ಎಷ್ಟು ಆಳವಾದದ್ದು ಎಂಬುದಕ್ಕೆ ಅವರೇ ಸಾಕ್ಷಿ. ಸಾಹುಕಾರನಿಲ್ಲದ ಸಾಲಕ್ಕೆ ಅವರು ಒಬ್ಬ ಗುಮಾಸ್ತನನ್ನು ನೇಮಿಸಿಕೊಂಡರು. ಗುಮಾಸ್ತ ಲಂಚಕ್ಕೆ ಬಗ್ಗಿದ.

ಹಾಬ್ಸನ ಗಂಟನ್ನು ಬಿಡಿಸಲು ಯತ್ನಿಸಿದವನೂ ಕಾಂಟನೇ. ೧೭೯೭ರ ನೀತಿಗ್ರಂಥದಲ್ಲಿ ಅವನು ಈ ತೊಡಕನ್ನು ನೇರವಾಗಿ ಎತ್ತಿಕೊಂಡಿದ್ದಾನೆ. ಕಟ್ಟುವವನೂ ಕಟ್ಟಿಸಿಕೊಳ್ಳುವವನೂ ಒಬ್ಬನೇ ಆದರೆ ಕರ್ತವ್ಯವೇ ಇಲ್ಲವಾಗುತ್ತದೆಯಲ್ಲ ಎಂದು ಕೇಳಿ, ಮನುಷ್ಯನನ್ನು ಎರಡು ದೃಷ್ಟಿಗಳಿಂದ ನೋಡಬೇಕು ಎಂದು ಉತ್ತರಿಸುತ್ತಾನೆ: ಪ್ರಕೃತಿಗೆ ಒಳಪಟ್ಟ ಪ್ರಾಣಿಯಾಗಿ ಒಂದು, ವಿವೇಕದಿಂದ ತನಗೆ ತಾನೇ ವಿಧಿ ಮಾಡಿಕೊಳ್ಳುವ ಸ್ವತಂತ್ರ ವ್ಯಕ್ತಿಯಾಗಿ ಇನ್ನೊಂದು. ಎರಡನೆಯವನು ಮೊದಲನೆಯವನನ್ನು ಕಟ್ಟುತ್ತಾನೆ.

ಅಷ್ಟು ಎತ್ತರಕ್ಕೆ ಏರಲು ನನ್ನಂಥವನಿಗೆ ಉಸಿರು ಸಾಲದು. ನೆಲದ ಮೇಲೆ ನಿಂತೇ ನನಗೆ ತೋಚುವುದು ಇಷ್ಟು. ಬೆಳಗ್ಗೆ ಕಾಫಿ ಕುಡಿದು ಕುಳಿತ ನಾನು ಒಬ್ಬ. ಸಂಜೆ ಆರಕ್ಕೆ, ಹೊರಗೆ ಜಿನುಗು ಮಳೆ, ಒಳಗೆ ಬೆಚ್ಚನೆಯ ಮೂಲೆ ಎಂಬ ಸ್ಥಿತಿಯಲ್ಲಿರುವ ನಾನು ಇನ್ನೊಬ್ಬ. ಮೈ ಒಂದೇ, ಹೆಸರು ಒಂದೇ. ಆದರೆ ಲಾಭನಷ್ಟ ಬೇರೆ. ಮಾತು ಕೊಟ್ಟವನು ಬೆಳಗಿನವನು. ಬಿಡುಗಡೆ ಕೇಳುತ್ತಿರುವವನು ಸಂಜೆಯವನು. ಕೇಳುತ್ತಿರುವವನೇ ತೀರ್ಪನ್ನೂ ಕೊಟ್ಟುಕೊಂಡರೆ ಅದು ಮನ್ನಾ ಅಲ್ಲ, ಕಬಳಿಕೆ. ಕಕ್ಷಿಗಾರನು ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಎಲ್ಲ ಕೋರ್ಟುಗಳ ಮೊದಲ ಪಾಠವಷ್ಟೆ?

ಆದ್ದರಿಂದ ನಾನು ಒಂದು ಕಟ್ಟಳೆ ಮಾಡಿಕೊಂಡಿದ್ದೇನೆ. ನೇಮವನ್ನು ಬದಲಿಸಬಹುದು, ಬಿಡಲೂಬಹುದು, ಆದರೆ ಬೆಳಗ್ಗೆ. ಬಿಟ್ಟದ್ದರಿಂದ ಆ ಕ್ಷಣಕ್ಕೆ ನನಗೆ ಯಾವ ಸುಖವೂ ದೊರೆಯದ ಹೊತ್ತಿನಲ್ಲಿ ಕುಳಿತು ಯೋಚಿಸಿ, ಕಾರಣ ಸರಿಯೆನಿಸಿದರೆ ಬದಲಿಸತಕ್ಕದ್ದು. ಸಂಜೆ ಆರಕ್ಕೆ ಅಪೀಲು ಇಲ್ಲ. ನಮ್ಮವರ ಪೂಜೆಯ ಸಂಕಲ್ಪದಲ್ಲಿಯೂ ಇಂಥದೇ ಒಂದು ವಿವೇಕ ಕಾಣುತ್ತದೆ. ಸಂವತ್ಸರ, ಅಯನ, ಋತು, ಮಾಸ, ತಿಥಿ ಎಲ್ಲವನ್ನೂ ಹೆಸರಿಸಿ, ತಾನು ಇಂಥವನು ಎಂದು ಹೇಳಿ ಆಮೇಲೆ ಮಾಡುತ್ತೇನೆ ಎನ್ನುವುದು. ಮಾತು ಕೊಟ್ಟವನು ಯಾರು, ಯಾವಾಗ ಎಂಬುದು ಗೊತ್ತಾಗಿರಲಿ. ಮುಂದೆ ಬರುವ ಸೋಮಾರಿ ಅವನ ಸಹಿಯನ್ನು ನಕಲು ಮಾಡದಿರಲಿ.

ಹಠಕ್ಕೂ ನಿಷ್ಠೆಗೂ ಇರುವ ವ್ಯತ್ಯಾಸ ಈ ಕಟ್ಟಳೆಯಿಂದ ಸ್ವಲ್ಪ ಸ್ಪಷ್ಟವಾಗುತ್ತದೆ. ನಮ್ಮ ಗುಂಪಿನ ಹಿರಿಯರೊಬ್ಬರು ಒಂದು ನವೆಂಬರಿನ ಸಂಜೆ ಕಾಲುದಾರಿಯ ಕಲ್ಲುಚಪ್ಪಡಿ ಇಲ್ಲದ ಕಡೆ ಕಾಲಿಟ್ಟು ಬಿದ್ದರು. ತೊಡೆಯ ಮೂಳೆ ಮುರಿಯಿತು. ಮೂರು ತಿಂಗಳು ಹಾಸಿಗೆ. ಎದ್ದ ಮೇಲೆ ಅವರು ತಮ್ಮ ಹೊತ್ತನ್ನು ನಾಲ್ಕೂವರೆಗೆ ಬದಲಿಸಿಕೊಂಡರು. ಕೈಗೆ ಕೋಲು ಬಂತು. ದಾರಿ ಅರ್ಧಕ್ಕೆ ಇಳಿಯಿತು. “ಸೋತ್ರಿ” ಎಂದು ಯಾರೋ ತಮಾಷೆ ಮಾಡಿದ್ದಕ್ಕೆ, “ಸೋತಿದ್ರೆ ಮನೇಲಿರ್ತಿದ್ದೆ ಕಣಯ್ಯ” ಎಂದರು. ಅವರು ಬಿಟ್ಟದ್ದು ಹೊತ್ತನ್ನು, ನೇಮವನ್ನಲ್ಲ. ಬದಲಾದ ಮೈಗೆ ತಕ್ಕಂತೆ ಮಾತನ್ನು ಹೊಸದಾಗಿ ಕೊಟ್ಟುಕೊಂಡರು. ಸಿಡಿಲು ಹೊಡೆಯುವಾಗ ಮರದ ಕೆಳಗೆ ನಡೆಯುವವನು ನಿಷ್ಠಾವಂತನಲ್ಲ. ಅವನು ನಡಿಗೆಯನ್ನು ಕಾಯುತ್ತಿಲ್ಲ, ತನ್ನ ಕೀರ್ತಿಯನ್ನು ಕಾಯುತ್ತಿದ್ದಾನೆ. ರೋಗಿಗೆ ನೇಮವಿಲ್ಲವೆಂದು ವಿನಾಯಿತಿ ಕೊಟ್ಟ ಹಿರಿಯರು ದುರ್ಬಲರಾಗಿರಲಿಲ್ಲ.

ಇಷ್ಟು ಯೋಚಿಸಿ ಸಮಾಧಾನವಾಗಿದ್ದೆ. ಒಂದು ಸಂಜೆ ಇದನ್ನೆಲ್ಲ ಸ್ವಲ್ಪ ಉತ್ಸಾಹದಿಂದಲೇ ಮನೆಯಾಕೆಗೆ ವಿವರಿಸಿದೆ. ಅವಳು ಹೊಸಿಲಿನ ಬಳಿ ಕಾರ್ತಿಕದ ಹಣತೆಗಳಿಗೆ ಎಣ್ಣೆ ಬಿಡುತ್ತಿದ್ದಳು. ಮುಗಿಯುವವರೆಗೂ ಕೇಳಿ, “ಎಲ್ಲ ಸರಿ ರೀ. ನೀವು ಕತ್ತಲಲ್ಲಿ ಒಬ್ರೇ ತಿರುಗಿದ್ರೆ ಜನ ನೇಮ ಅಂತಾರೆ. ನಾನು ಅದೇ ಹೊತ್ನಲ್ಲಿ ಒಬ್ಬಳೇ ತಿರುಗಿದ್ರೆ ಮನೇಲಿ ಏನಾಯ್ತು ಅಂತ ಕೇಳ್ತಾರೆ” ಎಂದಳು.

ಈ ಮಾತಿಗೆ ಹಾಬ್ಸನಲ್ಲೂ ಕಾಂಟನಲ್ಲೂ ಸಿದ್ಧ ಉತ್ತರವಿಲ್ಲ. ಕತ್ತಲೆಯಲ್ಲಿ ನಡೆಯುವುದೋ ಬಿಡುವುದೋ ಎಂಬುದು ನನಗೆ ಮನಸ್ಸಿನ ಪ್ರಶ್ನೆ. ಈ ಊರಿನ ಅರ್ಧ ಜನಕ್ಕೆ ಆ ಪ್ರಶ್ನೆ ಮನಸ್ಸಿನವರೆಗೆ ಬರುವುದೇ ಇಲ್ಲ. ಬೀದಿಯೇ ಅದನ್ನು ತೀರ್ಮಾನಿಸಿಬಿಡುತ್ತದೆ. ಕಾಲೇಜಿನಿಂದ ಬರುವ ಹುಡುಗಿ ಕತ್ತಲಾಯಿತೆಂದು ಬಳಸು ದಾರಿ ಹಿಡಿಯುತ್ತಾಳೆ. ನಾಲ್ಕು ಮನೆಯ ಪಾತ್ರೆ ತೊಳೆದು ಏಳು ಗಂಟೆಗೆ ಹೊರಡುವ ಹೆಂಗಸು ಅದೇ ಕತ್ತಲೆಯಲ್ಲಿ ನನಗಿಂತ ಹೆಚ್ಚು ದೂರ ನಡೆಯುತ್ತಾಳೆ. ಅದಕ್ಕೆ ವಾಯುವಿಹಾರವೆಂಬ ಹೆಸರಿಲ್ಲ; ಬೇಗ ಕತ್ತಲಾಗುತ್ತದೆಂದು ಬಿಟ್ಟುಬಿಡುವ ಸ್ವಾತಂತ್ರ್ಯವೂ ಅವಳಿಗಿಲ್ಲ. ಇನ್ನು ಹಣತೆಯ ವಿಷಯ. ಮಳೆ ಬರಲಿ, ಜ್ವರ ಬರಲಿ, ಕಾರ್ತಿಕದ ತಿಂಗಳಿಡೀ ಹೊಸಿಲಲ್ಲಿ ದೀಪ ಇಡುವುದನ್ನು ನಮ್ಮ ಮನೆಗಳ ಹೆಂಗಸರು ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಅದನ್ನು ಯಾರೂ ಇಚ್ಛಾಶಕ್ತಿ ಎಂದು ಕರೆದು ಪ್ರಬಂಧ ಬರೆದಿಲ್ಲ.

ಹಾಗೆಂದು ನನ್ನ ನೇಮಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಅನುಕೂಲವಿರುವವನು ಅನುಕೂಲವನ್ನು ಬಳಸಿ ಮಾಡಿದ ಒಳ್ಳೆಯದು ಒಳ್ಳೆಯದೇ. ಆದರೆ ಅದರ ಮೇಲೆ ಬೆಳೆಯುವ ಹೆಮ್ಮೆಗೆ ಅಷ್ಟು ಜಾಗವಿಲ್ಲ. ನನ್ನ ದೃಢತೆಯಲ್ಲಿ ಎಷ್ಟು ಪಾಲು ನನ್ನದು, ಎಷ್ಟು ಪಾಲು ಗಂಡಸಾಗಿ, ಪಿಂಚಣಿದಾರನಾಗಿ, ದೀಪವಿರುವ ಬಡಾವಣೆಯಲ್ಲಿ ಇರುವುದರದು ಎಂದು ಲೆಕ್ಕ ಹಾಕಿದರೆ ನನ್ನ ಪಾಲು ಚಿಕ್ಕದಾಗಿಯೇ ಉಳಿಯುತ್ತದೆ.

ಈ ಚಿಂತೆಯೇ ನನ್ನನ್ನು ಮೊದಲಿನ ಪ್ರಶ್ನೆಗೆ ಮತ್ತೆ ತಂದು ನಿಲ್ಲಿಸಿತು: ಈ ಸಾಲಕ್ಕೆ ಸಾಹುಕಾರ ಯಾರು? ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ಬೀಳುವ ಬಲದಿಂದ ಹುಟ್ಟಿದ ಶಕ್ತಿ ಅಷ್ಟು ದೂರ ತಂತಿಯಲ್ಲಿ ಹರಿದು ಬಂದು ಇಲ್ಲಿ ಬೆಳಗಿತು. ಅಂದಿನಿಂದ ಕಂಬಗಳು ಹೆಚ್ಚುತ್ತಲೇ ಬಂದಿವೆ. ಆದರೆ ದೀಪ ಉರಿದ ಮಾತ್ರಕ್ಕೆ ಬೀದಿ ಕ್ಷೇಮವಾಗುವುದಿಲ್ಲ. ಪ್ರಖರ ಬೆಳಕಿನ ನಿರ್ಜನ ರಸ್ತೆ ಅಮಾವಾಸ್ಯೆಯ ರಸ್ತೆಗಿಂತ ಕಡಮೆ ಭಯದ್ದೇನಲ್ಲ. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ ೧೯೬೧ರಲ್ಲಿ ಪ್ರಕಟಿಸಿದ, ಮಹಾನಗರಗಳ ಅಳಿವು ಉಳಿವನ್ನು ಕುರಿತ ಪುಸ್ತಕದಲ್ಲಿ ಇದನ್ನೇ ವಾದಿಸಿದಳು. ಬೀದಿಯ ಕ್ಷೇಮವನ್ನು ಮುಖ್ಯವಾಗಿ ಕಾಯುವವರು ಪೋಲೀಸರಲ್ಲ. ತಮ್ಮ ಪಾಡಿಗೆ ತಾವು ಓಡಾಡುವ, ನಿಂತು ಮಾತಾಡುವ, ಅಂಗಡಿಯ ಬಾಗಿಲಲ್ಲಿ ಕುಳಿತು ನೋಡುವ ಸಾಮಾನ್ಯ ಜನ. ಅವರ ಕಣ್ಣುಗಳೇ ಬೀದಿಯ ಕಾವಲು.

ಗಾಂಧಿ ಬಜಾರಿನಲ್ಲಿ ಇದನ್ನು ಪುಸ್ತಕವಿಲ್ಲದೆ ಓದಬಹುದು. ಹೂವಿನವರು ಬುಟ್ಟಿ ಮುಂದಿಟ್ಟುಕೊಂಡು ಕುಳಿತಿರುವವರೆಗೆ ಹೆಂಗಸರು ನಿರಾತಂಕವಾಗಿ ನಡೆಯುತ್ತಾರೆ. ಅಲ್ಲಿಂದ ಅಡ್ಡರಸ್ತೆಗೆ ತಿರುಗಿದರೆ ಹೆಜ್ಜೆ ತಾನೇ ಚುರುಕಾಗುತ್ತದೆ. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ಅದೇ ಕತ್ತಲೆ, ಅದೇ ಗುಡಿಯ ರಸ್ತೆ; ಮಕ್ಕಳ ಕೈ ಹಿಡಿದ ತಾಯಂದಿರು ರಾತ್ರಿ ಹತ್ತಕ್ಕೂ ತಿರುಗುತ್ತಾರೆ. ಹಾಗಾದರೆ ಅಂಜಿಕೆ ಇದ್ದದ್ದು ಕತ್ತಲೆಗಲ್ಲ, ಜನವಿಲ್ಲದ ಕತ್ತಲೆಗೆ. ಪುಂಡರೇ ತುಂಬಿದ ಬೀದಿಯೂ ಭಯವೇ, ಅದನ್ನು ಮರೆಯುವಂತಿಲ್ಲ. ಮುದುಕರು, ಮಕ್ಕಳು, ಗೃಹಸ್ಥರು, ಹೆಂಗಸರು ಎಲ್ಲರೂ ಬೆರೆತ ಬೀದಿಯ ಮಾತು ನಾನು ಹೇಳುತ್ತಿರುವುದು. ಅಂಥ ಬೀದಿಯಿಂದ ನವೆಂಬರಿನಲ್ಲಿ ನಾವು ಒಬ್ಬೊಬ್ಬರಾಗಿ ಹಿಂದೆಗೆದರೆ ಉಳಿದವರ ಕತ್ತಲೆ ಅಷ್ಟಷ್ಟು ಗಟ್ಟಿಯಾಗುತ್ತದೆ. ನಾನು ನನಗೆ ಕೊಟ್ಟುಕೊಂಡೆನೆಂದು ತಿಳಿದಿದ್ದ ಮಾತಿಗೆ ನಾನು ಕಾಣದ ಭಾಗಸ್ಥರು ಎಷ್ಟೋ ಜನ ಇದ್ದಾರೆ. ಅವರ ಪಾಲನ್ನು ಮನ್ನಾ ಮಾಡುವ ಅಧಿಕಾರ ನನಗಿಲ್ಲ. ಎಡ ಜೇಬು ಬಲ ಜೇಬಿನ ವಾದ ಇಲ್ಲಿಗೆ ನಿಲ್ಲುತ್ತದೆ.

ಈಗ ನಮ್ಮ ಮನೆಯಾಕೆ ದೀಪ ಇಟ್ಟು ಬಂದ ಮೇಲೆ ಇಬ್ಬರೂ ಹೊರಡುತ್ತೇವೆ. ಹೊತ್ತು ಆರೂ ಕಾಲಾಗಿದೆ; ಬದಲಾವಣೆಯನ್ನು ಬೆಳಗ್ಗೆಯೇ ಮಾಡಿಕೊಂಡೆವು. ಎರಡನೆಯ ವಾರಕ್ಕೆ ಪಕ್ಕದ ಮನೆಯ ಇಬ್ಬರು ಹೆಂಗಸರು ಸೇರಿಕೊಂಡರು. ಕೆಲವು ದಿನ ಅವರು ಮೂವರೇ ಮುಂದೆ ಹೋಗುತ್ತಾರೆ. ಅವರ ಮಾತಿಗೆ ನನ್ನ ಅಗತ್ಯವಿಲ್ಲ. ಕತ್ತಲೆಗೆ ತನ್ನದೇ ಆದ ಸಂಪತ್ತೂ ಉಂಟೆಂದು ಅವರಿಂದ ತಿಳಿಯಿತು. ಯಾರ ಮನೆಯ ಕಾಂಪೌಂಡಿನಲ್ಲಿ ಪಾರಿಜಾತವಿದೆ, ಯಾವ ರಸ್ತೆಯ ತಿರುವಿನಲ್ಲಿ ಆಕಾಶಮಲ್ಲಿಗೆ ಉದುರುತ್ತದೆ ಎಂಬುದನ್ನು ಹಗಲಿನಲ್ಲಿ ಕಣ್ಣು ಹೇಳುವುದಕ್ಕಿಂತ ಚೆನ್ನಾಗಿ ರಾತ್ರಿ ಮೂಗು ಹೇಳುತ್ತದೆ.

ನಡಿಗೆ ಬಿಟ್ಟಿರುವ ಗೆಳೆಯರಿಗೆ ಕಡೆಯದಾಗಿ ಖಗೋಳದ ಒಂದು ಮಾತು. ವರ್ಷದ ಅತ್ಯಂತ ಕಿರಿದಾದ ಹಗಲು ಬರುವುದು ಡಿಸೆಂಬರ್ ೨೧ರ ಸುಮಾರಿಗೆ. ಆದ್ದರಿಂದ ಸಂಜೆಯೂ ಅಲ್ಲಿಯವರೆಗೆ ಕುಗ್ಗುತ್ತಲೇ ಹೋಗುತ್ತದೆಂದು ನಾವು ಎಣಿಸುತ್ತೇವೆ. ಹಾಗಿಲ್ಲ. ಆ ದಿನಗಳಲ್ಲಿ ಸೂರ್ಯನ ದಿನ ನಮ್ಮ ಗಡಿಯಾರದ ೨೪ ಗಂಟೆಗಿಂತ ಕೆಲವು ಸೆಕೆಂಡು ಉದ್ದವಾಗಿದ್ದು, ನಿಜವಾದ ಮಧ್ಯಾಹ್ನ ದಿನದಿನಕ್ಕೆ ತಡವಾಗುತ್ತ ಹೋಗುತ್ತದೆ. ಅದರಿಂದ ನಮ್ಮ ಊರಿನಲ್ಲಿ ಸೂರ್ಯಾಸ್ತ ಬಹು ಬೇಗ ಆಗುವುದು ನವೆಂಬರ್ ಮೂರನೆಯ ವಾರದಲ್ಲಿಯೇ. ಅಲ್ಲಿಂದಾಚೆ, ಹಗಲು ಇನ್ನೂ ಕುಗ್ಗುತ್ತಿರುವಾಗಲೇ, ಸಂಜೆಯ ಬೆಳಕು ಅರ್ಧ ನಿಮಿಷ, ಕಾಲು ನಿಮಿಷದಂತೆ ಹಿಂದಿರುಗತೊಡಗುತ್ತದೆ. ಮನೆಯೊಳಗೆ ಕುಳಿತವರಿಗೆ ಇದು ಸಂಕ್ರಾಂತಿಯವರೆಗೆ ಗೊತ್ತಾಗುವುದಿಲ್ಲ. ದಿನವೂ ಅದೇ ಹೊತ್ತಿಗೆ ಅದೇ ತಿರುವು ದಾಟುವವರಿಗೆ ಡಿಸೆಂಬರಿನ ಮೊದಲ ವಾರದಲ್ಲೇ ಒಂದು ಸಂಜೆ, ಗುಡಿಯ ಗೋಪುರದ ಹಿಂದೆ ಆಕಾಶ ಮೊನ್ನೆಗಿಂತ ಸ್ವಲ್ಪ ಬೆಳ್ಳಗಿರುವಂತೆ ಕಾಣುತ್ತದೆ.